ಹತ್ತೊಂಬತ್ತರ ಹುಡುಗನಿಗೆ ಮಕ್ಕಳ ಚಿಕಿತ್ಸೆ ಏಕೆ?

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ 19 ವರ್ಷ. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಎಂದಿದ್ದಾರೆ. ಒಬ್ಬ ವೈದ್ಯರು ಮಕ್ಕಳಿಗೆ ಕೊಡುವ ಚಿಕಿತ್ಸಾಕ್ರಮವೇ ಒಳ್ಳೆಯದು ಎನ್ನುತ್ತಾರೆ, ಇನ್ನೊಬ್ಬರು ದೊಡ್ಡವರದ್ದು ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲನೆಯವರ ಮಾತು ಕೇಳಿ. ಮಕ್ಕಳ ಕ್ರಮದಲ್ಲಿ ವಿಂಕ್ರಿಸ್ಟಿನ್, ಸ್ಟೆರಾಯ್ಡ್, ಆಸ್ಪ್ಯಾರಜಿನೇಸ್ ಈ ಮೂರೂ ಔಷಧಗಳು ಹೆಚ್ಚು ಪ್ರಮಾಣದಲ್ಲಿ ಸಿಗುತ್ತವೆ. ಬೆನ್ನಿನ ಮೂಲಕ ಮಿದುಳುಬಳ್ಳಿಯ ದ್ರವಕ್ಕೆ ಕೊಡುವ ಇಂಜೆಕ್ಷನ್ ಬೇಗ ಶುರುವಾಗುತ್ತದೆ, ಹೆಚ್ಚು ಸಲ ಬೀಳುತ್ತದೆ. ಅಮೆರಿಕದಲ್ಲಿ 40ರೊಳಗಿನವರಿಗೆ ಇದೇ ಬಗೆಯ ಚಿಕಿತ್ಸೆ ಕೊಟ್ಟು ನಡೆಸಿದ ಸಿಎಎಲ್‌ಜಿಬಿ 10403 ಎಂಬ ಅಧ್ಯಯನದಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇ. 73ರಷ್ಟು. ದೊಡ್ಡವರ ಹಳೆಯ ಕ್ರಮಗಳಿಗಿಂತ ಇದು ಸ್ಪಷ್ಟವಾಗಿ ಮೇಲು.

ಆದರೂ ಪುಟ್ಟ ಮಕ್ಕಳಲ್ಲಿ ಕಾಣುವಷ್ಟು ಫಲ ಈ ವಯಸ್ಸಿನಲ್ಲಿ ಕಾಣುವುದಿಲ್ಲ. ರೋಗದ ಜಾತಿಯೇ ಬೇರೆಯಿರಬಹುದು: ಫಿಲಡೆಲ್ಫಿಯಾ ಕ್ರೋಮೋಸೋಮ್ (ರೋಗಕಣದ ವರ್ಣತಂತುವಿನಲ್ಲಿ ಆಗುವ ಒಂದು ಬದಲಾವಣೆ) ಇರುವ ಮತ್ತು ಅದನ್ನು ಹೋಲುವ ಬಗೆಗಳು ವಯಸ್ಸು ಏರಿದಂತೆ ಹೆಚ್ಚುತ್ತವೆ. ಆ ಪರೀಕ್ಷೆ ಆಗಿದೆಯೇ ಎಂದು ಇವತ್ತೇ ವಿಚಾರಿಸಿ. ಫಿಲಡೆಲ್ಫಿಯಾ ಇದ್ದರೆ ಇಮ್ಯಾಟಿನಿಬ್ ಅಥವಾ ಡಾಸಾಟಿನಿಬ್ ಮಾತ್ರೆ ಸೇರಲೇಬೇಕು. ಮೊದಲ ಸುತ್ತು ಮುಗಿಯುವ ಹೊತ್ತಿಗೆ, ಸುಮಾರು 29ನೇ ದಿನ, ಅಸ್ಥಿಮಜ್ಜೆಯಲ್ಲಿ ಉಳಿದ ರೋಗಕಣಗಳನ್ನು ಎಣಿಸುತ್ತಾರೆ. 10,000 ಕಣಗಳಲ್ಲಿ ಒಂದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯ ಸೂಚನೆ. ಮುಂದಿನ ದಾರಿ ಬಹುಮಟ್ಟಿಗೆ ತೀರ್ಮಾನವಾಗುವುದು ಆ ಸಂಖ್ಯೆಯ ಮೇಲೆ.

ಔಷಧವನ್ನು ತಾಳಿಕೊಳ್ಳುವುದರಲ್ಲೂ ವ್ಯತ್ಯಾಸವಿದೆ. ಆಸ್ಪ್ಯಾರಜಿನೇಸ್‌ನಿಂದ ಯಕೃತ್ತು ಕೆಡುವುದು, ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ದೊಡ್ಡವರಲ್ಲಿ ಹೆಚ್ಚು, ಮೈ ತೂಕ ಜಾಸ್ತಿಯಿದ್ದರೆ ಇನ್ನೂ ಹೆಚ್ಚು. ಸ್ಟೆರಾಯ್ಡ್‌ನಿಂದ ಸೊಂಟದ ಕೀಲಿನ ಮೂಳೆ ಸಾಯುವ ತೊಂದರೆ ಹರೆಯದವರನ್ನೇ ಹೆಚ್ಚಾಗಿ ಕಾಡುತ್ತದೆ. ತೊಡೆಸಂದಿಯಲ್ಲಿ ನೋವು ಎಂದರೆ ಎಂಆರ್‌ಐ ಕೇಳಿ. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಇರುವುದು ಚಿಕಿತ್ಸೆಯ ಕೊನೆಯ ಹಂತದ ಬಗ್ಗೆ. ಮಗ ಚೇತರಿಸಿಕೊಂಡು ಕಾಲೇಜಿಗೆ ಹೋಗುತ್ತಿರುತ್ತಾನೆ, ಮಾತ್ರೆ ಮಾತ್ರ ಎರಡು ವರ್ಷದ ಆಸುಪಾಸು ಮುಂದುವರಿಯುತ್ತದೆ: ಮರ್ಕ್ಯಾಪ್ಟೊಪ್ಯೂರಿನ್ ದಿನಾ ಒಂದು ಸಲ, ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ಸಲ. ಮರ್ಕ್ಯಾಪ್ಟೊಪ್ಯೂರಿನ್ ಶೇ. 95ಕ್ಕಿಂತ ಕಡಿಮೆ ದಿನ ನುಂಗಿದವರಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು ಮಕ್ಕಳು ಹಾಗೂ ಹದಿಹರೆಯದವರ ಅಧ್ಯಯನಗಳಲ್ಲಿ ಕಂಡಿದೆ. ಲೆಕ್ಕ ಹಾಕಿ ನೋಡಿ, ತಿಂಗಳಲ್ಲಿ ಎರಡು ದಿನ ತಪ್ಪಿದರೂ ಆ ಗೆರೆಯ ಕೆಳಗಿಳಿದಂತೆ. ಮೆಥೊಟ್ರೆಕ್ಸೇಟನ್ನು ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ, ಹಾಗಾಗಿ ಅದನ್ನು ಬೇರೆ ಡಬ್ಬಿಯಲ್ಲಿಟ್ಟು ವಾರದ ದಿನವನ್ನು ಮೇಲೆ ಬರೆಯಿರಿ. ಚಿಕಿತ್ಸೆಯುದ್ದಕ್ಕೂ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಹರೆಯದಲ್ಲಿ ಬರುವ ಕ್ಯಾನ್ಸರ್ ಯಾವುವು? ಹೇಗೆ ಗುರುತಿಸುವುದು?

ಉತ್ತರ: 15ರಿಂದ 39ರವರೆಗಿನ ವಯಸ್ಸನ್ನು ತಜ್ಞರು ಒಂದು ಗುಂಪಾಗಿ ನೋಡುತ್ತಾರೆ, ಆದರೆ ಒಳಗೆ ಚಿತ್ರ ಬದಲಾಗುತ್ತಾ ಹೋಗುತ್ತದೆ. ಇಪ್ಪತ್ತರೊಳಗೆ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್), ಲ್ಯುಕೇಮಿಯಾ, ಮಿದುಳಿನ ಗೆಡ್ಡೆ, ಮೂಳೆಯ ಕ್ಯಾನ್ಸರ್. ಇಪ್ಪತ್ತರ ನಂತರ ವೃಷಣ ಮತ್ತು ಥೈರಾಯ್ಡ್. ಮೂವತ್ತು ದಾಟಿದಂತೆ ಸ್ತನ, ಗರ್ಭಕಂಠ, ದೊಡ್ಡ ಕರುಳು. ತಡವಾಗುವುದು ಬಹುತೇಕ "ಈ ವಯಸ್ಸಿಗೆ ಅದೆಲ್ಲಿ ಬರುತ್ತೆ" ಎಂಬ ನಂಬಿಕೆಯಿಂದ. ಮಲದಲ್ಲಿ ರಕ್ತ ಕಂಡು, ಜೊತೆಗೆ ಕಬ್ಬಿಣದ ಕೊರತೆಯ ರಕ್ತಹೀನತೆಯೂ ಇದ್ದರೆ ಮೂಲವ್ಯಾಧಿ ಎಂದು ಸುಮ್ಮನಾಗಬೇಡಿ. ವೃಷಣದಲ್ಲಿ ನೋವಿಲ್ಲದ ಗಟ್ಟಿ ಗಂಟು ಸಿಕ್ಕರೆ ಅದೇ ವಾರ ಅಲ್ಟ್ರಾಸೌಂಡ್ ಮಾಡಿಸಿ. ಅದಕ್ಕೆ ಸೂಜಿ ಚುಚ್ಚಿ ಪರೀಕ್ಷಿಸುವ ಹಾಗಿಲ್ಲ, ತೊಡೆಸಂದಿಯ ಮೂಲಕ ವೃಷಣವನ್ನೇ ತೆಗೆಯುತ್ತಾರೆ. ಬೇಗ ಬಂದವರು ಹೆಚ್ಚುಕಡಿಮೆ ಎಲ್ಲರೂ ಗುಣವಾಗುತ್ತಾರೆ.

ಮೊಣಕಾಲಿನ ಹತ್ತಿರ ಒಂದೇ ಕಡೆ ವಾರಗಟ್ಟಲೆ ನೋವು, ರಾತ್ರಿ ನಿದ್ದೆಗೆಡಿಸುವಂತಿದ್ದರೆ ಎಕ್ಸ್‌ರೇ ಬೇಕು. ಸಂಶಯ ಬಂದರೆ ಬಯಾಪ್ಸಿಯನ್ನು ಮುಂದೆ ಆಪರೇಷನ್ ಮಾಡುವ ತಂಡವೇ ಮಾಡಲಿ. ತಪ್ಪು ಜಾಗದಲ್ಲಿ ಕೊಯ್ದರೆ ರೋಗಕಣ ಹರಡಿ, ಉಳಿಸಬಹುದಾಗಿದ್ದ ಕಾಲನ್ನೂ ಕಳೆದುಕೊಳ್ಳಬೇಕಾಗಬಹುದು.

ಪ್ರಶ್ನೆ: ನನಗೆ 24. ಹಾಜ್‌ಕಿನ್ ಲಿಂಫೋಮಾಗೆ ಮುಂದಿನ ವಾರ ಕೀಮೋ. ಮುಂದೆ ಮಕ್ಕಳಾಗುತ್ತವೆಯೇ ಎಂದು ಕೇಳಲು ಸಂಕೋಚವಾಗುತ್ತಿದೆ.

ಉತ್ತರ: ಸಂಕೋಚ ಬಿಡಿ, ಕೀಮೋಗೆ ಮುಂಚೆಯೇ ಕೇಳಿ. ಎಬಿವಿಡಿ ಎಂಬ ಕ್ರಮವಾದರೆ ಅಂಡಾಶಯಕ್ಕೆ ಅಪಾಯ ಕಡಿಮೆ. ತೀವ್ರಗೊಳಿಸಿದ ಬೀಕಾಪ್ ಎಂಬ ಇನ್ನೊಂದು ಕ್ರಮವಾದರೆ ಬಹಳ ಹೆಚ್ಚು. ಅಂಡಾಣು ಶೇಖರಿಸಲು 10ರಿಂದ 14 ದಿನ ಬೇಕು, ಮುಟ್ಟಿಗೆ ಕಾಯಬೇಕಿಲ್ಲ, ಯಾವ ದಿನ ಬೇಕಾದರೂ ಇಂಜೆಕ್ಷನ್ ಶುರುಮಾಡಬಹುದು. ಎದೆಯ ಗೆಡ್ಡೆ ಉಸಿರುನಾಳವನ್ನು ಒತ್ತುತ್ತಿಲ್ಲವಾದರೆ ಇಷ್ಟು ದಿನ ತಡವಾದರೂ ಸಾಮಾನ್ಯವಾಗಿ ತೊಂದರೆಯಿಲ್ಲ. ಅಕ್ಯೂಟ್ ಲ್ಯುಕೇಮಿಯಾದಲ್ಲಿ ಅಷ್ಟು ಸಮಯ ಸಿಗುವುದಿಲ್ಲ. ಹುಡುಗರಿಗೆ ಇದು ಸುಲಭ: ಒಂದೇ ಸಲದ ವೀರ್ಯ ಶೇಖರಿಸಿದರೂ ಮುಂದೆ ಉಪಯೋಗಕ್ಕೆ ಬರುತ್ತದೆ, ಆದರೆ ಮೊದಲ ಕೀಮೋಗೆ ಮುಂಚೆ ಆಗಿರಬೇಕು.

ಪ್ರಶ್ನೆ: 17ರಲ್ಲಿ ಹಾಜ್‌ಕಿನ್‌ಗೆ ಎದೆಯ ಮೇಲೆ ರೇಡಿಯೇಷನ್ ಆಗಿತ್ತು. ಈಗ 27, ಮದುವೆಯಾಗಿದೆ, ಆರೋಗ್ಯವಾಗಿದ್ದೇನೆ. ಇನ್ನೂ ತಪಾಸಣೆ ಬೇಕೇ?

ಉತ್ತರ: ಬೇಕು. ಎದೆಗೆ ರೇಡಿಯೇಷನ್ ಪಡೆದ ಹುಡುಗಿಯರಿಗೆ ಮುಂದೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. 25ನೇ ವಯಸ್ಸು ಅಥವಾ ರೇಡಿಯೇಷನ್ ಮುಗಿದು 8 ವರ್ಷ, ಎರಡರಲ್ಲಿ ಯಾವುದು ತಡವೋ ಆಗಿನಿಂದ ಪ್ರತಿ ವರ್ಷ ಎಂಆರ್‌ಐ ಮತ್ತು ಮ್ಯಾಮೊಗ್ರಾಂ ಮಾಡಿಸಬೇಕು. ನಿಮ್ಮ ಲೆಕ್ಕದಲ್ಲಿ ಎರಡು ವರ್ಷ ಈಗಾಗಲೇ ಕಳೆದಿದೆ. ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆಯೂ ಇರಲಿ. ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧ ಒಟ್ಟು ಎಷ್ಟು ಹೋಗಿದೆ ಎಂದು ಹಳೆಯ ದಾಖಲೆಯಲ್ಲಿ ಹುಡುಕಿಸಿ. ಮೈಯ ಮೇಲ್ಮೈಯ ಪ್ರತಿ ಚದರ ಮೀಟರಿಗೆ 250 ಮಿ.ಗ್ರಾಂ. ಮುಟ್ಟಿದ್ದರೆ ಹೃದಯದ ಅಪಾಯ ಹೆಚ್ಚಿನ ಗುಂಪಿನದು, ನಿಯಮಿತವಾಗಿ ಎಕೋ (ಹೃದಯದ ಅಲ್ಟ್ರಾಸೌಂಡ್) ಬೇಕು. ಬಸಿರಾಗುವ ಯೋಚನೆಯಿದ್ದರೆ ಅದಕ್ಕೂ ಮೊದಲೇ ಒಂದು ಎಕೋ ಮಾಡಿಸಿ, ವರದಿಯನ್ನು ಹೆರಿಗೆ ವೈದ್ಯರ ಕೈಗೆ ಕೊಡಿ.