ಸಂಪಾದಕರ ಉತ್ತರ: ರಾಜಕುಮಾರನ ಪಕ್ಕ ನಿಂತ ಹಡಗಿನ ಡಾಕ್ಟರು

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯ ವಿಂಬಲ್ಡನ್ ಲೇಖನದಲ್ಲಿ, 1926ರಲ್ಲಿ ಇಂಗ್ಲೆಂಡಿನ ರಾಜಕುಮಾರ ಡಬಲ್ಸ್ ಆಡಿದರು, ಜೊತೆಗಾರ ನೌಕಾಪಡೆಯ ಡಾಕ್ಟರಾಗಿದ್ದು ಆಮೇಲೆ ಅರಮನೆ ಸೇರಿದವರು ಅಂತ ಒಂದೇ ಸಾಲು ಇತ್ತು. ಹಡಗಿನ ಡಾಕ್ಟರಿಗೆ ಅರಮನೆಯಲ್ಲೇನು ಕೆಲಸ? ರಾಜರ ಹಿಂದೆ ಸುತ್ತುವವರೆಲ್ಲ ಹೊಗಳುಭಟರೇ ಅಲ್ವಾ? ಆ ಪಂದ್ಯ ಗೆದ್ದರೋ ಸೋತರೋ ಅದನ್ನೂ ನೀವು ಹೇಳಲಿಲ್ಲ."

ಪ್ರಿಯ ಓದುಗರೇ,

ಒಂದೇ ಸಾಲಿಗೆ ನಿಲ್ಲಿಸಿದ್ದು ನಮ್ಮ ತಪ್ಪು. ಆ ಡಾಕ್ಟರ ಹೆಸರು ಲೂಯಿ ಗ್ರೆಗ್. ಅವರ ಕಥೆ ನನಗೆ ತುಂಬ ಇಷ್ಟ. ಹಾಗಾಗಿ ಈ ಸಲ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಗ್ರೆಗ್ ಹುಟ್ಟಿದ್ದು 1880ರ ನವೆಂಬರ್‌ನಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅಲ್ಲೇ ವೈದ್ಯಕೀಯ ಓದಿದರು. ರಗ್ಬಿ ಅಂದರೆ ಪ್ರಾಣ. 1903ರಲ್ಲಿ ಬ್ರಿಟಿಷ್ ತಂಡದ ಜೊತೆ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಆಡಿದರು. 1905ರಿಂದ 1908ರ ನಡುವೆ ಸ್ಕಾಟ್ಲೆಂಡ್ ಪರ ಐದು ಪಂದ್ಯ ಆಡಿದರು. ಈ ಮಧ್ಯೆ 1906ರಲ್ಲಿ ನೌಕಾಪಡೆಗೆ ಸರ್ಜನ್ ಆಗಿ ಸೇರಿದರು. ಗಟ್ಟಿ ಆಳು, ಎದುರಿಗಿದ್ದವರು ಯಾರೇ ಆಗಲಿ ನೇರ ಮಾತು.

ಈಗ ರಾಜಕುಮಾರನ ಕಡೆ ಬರೋಣ. ಐದನೇ ಜಾರ್ಜ್ ಅವರ ಎರಡನೇ ಮಗ ಆಲ್ಬರ್ಟ್ 1909ರಲ್ಲಿ ಆಸ್ಬೋರ್ನ್ ಅನ್ನುವಲ್ಲಿದ್ದ ನೌಕಾ ಶಾಲೆಗೆ ಸೇರಿದಾಗ ವಯಸ್ಸು ಹದಿಮೂರು. ಚಿಕ್ಕವನಿದ್ದಾಗ ಕಾಲು ನೆಟ್ಟಗಾಗಲಿ ಅಂತ ಪಟ್ಟಿ ಕಟ್ಟುತ್ತಿದ್ದರು. ಎಡಗೈ ಹುಡುಗನಿಗೆ ಬಲಗೈಯಲ್ಲೇ ಬರೆಯಬೇಕು ಅಂತ ಕಟ್ಟಪ್ಪಣೆ. ಎಂಟು ವರ್ಷಕ್ಕೆಲ್ಲ ಮಾತು ತೊದಲುತ್ತಿತ್ತು. ಆಸ್ಬೋರ್ನ್‌ನ ಕೊನೆಯ ಪರೀಕ್ಷೆಯಲ್ಲಿ 68 ಹುಡುಗರಲ್ಲಿ 68ನೆಯವನಾದ. ಆ ಶಾಲೆಯಲ್ಲಿ ಡಾಕ್ಟರಾಗಿದ್ದವರು ಗ್ರೆಗ್, ಅವನಿಗಿಂತ ಹದಿನೈದು ವರ್ಷ ದೊಡ್ಡವರು. ಪರಿಚಯ ಆದದ್ದು ಅಲ್ಲಿ.

ಇಲ್ಲಿ ನನ್ನದೊಂದು ಮಾತು. ನನ್ನ ಜೊತೆ ಓದಿದ ಹುಡುಗನೊಬ್ಬ ತೊದಲುತ್ತಿದ್ದ. ಹಾಜರಿ ಕೂಗುವಾಗ ತನ್ನ ಸರದಿ ಹತ್ತಿರ ಬಂದ ಹಾಗೆ ಅವನ ಕಿವಿ ಕೆಂಪಾಗುತ್ತಿತ್ತು. ನಾವು ನಗುತ್ತಿದ್ದೆವು. ಅವನ ಪಕ್ಕ ಕೂರುತ್ತಿದ್ದ ಒಬ್ಬ ಮಾತ್ರ ನಗುತ್ತಿರಲಿಲ್ಲ. ಮಧ್ಯೆ ಬಾಯಿ ಹಾಕಿ ಮಾತು ಮುಗಿಸಿಕೊಡುತ್ತಲೂ ಇರಲಿಲ್ಲ. ಸುಮ್ನೆ ಕಾಯುತ್ತಿದ್ದ. ಗ್ರೆಗ್ ಬಗ್ಗೆ ಓದಿದಾಗಲೆಲ್ಲ ನನಗೆ ಆ ಹುಡುಗ ನೆನಪಾಗುತ್ತಾನೆ.

1914ರಲ್ಲಿ ಯುದ್ಧ ಶುರುವಾಯಿತು. ಗ್ರೆಗ್ ನೌಕಾ ಸೈನಿಕರ ಜೊತೆ ಬೆಲ್ಜಿಯಂನ ಆಂಟ್ವರ್ಪ್‌ಗೆ ಹೋಗಿ ಜರ್ಮನರ ಕೈಗೆ ಸಿಕ್ಕಿಬಿದ್ದರು. 1915ರಲ್ಲಿ ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾಯಿತು. ಅತ್ತ ಆಲ್ಬರ್ಟ್‌ಗೆ ಹೊಟ್ಟೆನೋವು. ಯುದ್ಧ ಶುರುವಾದ ಕೆಲವೇ ವಾರಕ್ಕೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು, ಆದರೂ ನೋವು ಹೋಗಲಿಲ್ಲ. 1916ರ ಮೇ 31ರಂದು ಜಟ್ಲೆಂಡ್ ಸಮುದ್ರ ಯುದ್ಧದಲ್ಲಿ ಕಾಲಿಂಗ್‌ವುಡ್ ಹಡಗಿನ ಫಿರಂಗಿ ಗೋಪುರದಲ್ಲಿ ನಿಂತು ಕೆಲಸ ಮಾಡಿದರು. ಆಮೇಲೆ ಮತ್ತೆ ಹಾಸಿಗೆ. ಹೊಟ್ಟೆಯ ಸ್ನಾಯು ದುರ್ಬಲವಾಗಿದೆ, ಪಥ್ಯ ಮಾಡಿ, ವಿಶ್ರಾಂತಿ ತಗೊಳ್ಳಿ ಅಂತ ದೊಡ್ಡ ದೊಡ್ಡ ಡಾಕ್ಟರುಗಳು ಹೇಳುತ್ತಲೇ ಇದ್ದರು.

1917ರಲ್ಲಿ ಆಲ್ಬರ್ಟ್ ಮಲಯಾ ಅನ್ನುವ ಯುದ್ಧನೌಕೆಗೆ ಬಂದರು. ಅಲ್ಲಿ ಗ್ರೆಗ್ ಕೂಡ ಸರ್ಜನ್. ಕೆಲವೇ ತಿಂಗಳಲ್ಲಿ ರಾಜಕುಮಾರ ಮತ್ತೆ ಕಾಯಿಲೆ ಬಿದ್ದರು. ಇದಕ್ಕೆ ಆಪರೇಷನ್ನೇ ದಾರಿ ಅಂತ ಗ್ರೆಗ್ ಒತ್ತಾಯಿಸಿದರು. ಯೋಚನೆ ಮಾಡಿ ನೋಡಿ. ರೋಗಿ ರಾಜನ ಮಗ. ತಮಗಿಂತ ಹೆಸರುವಾಸಿ ಡಾಕ್ಟರುಗಳು ಬೇರೆ ಮಾತು ಹೇಳಿದ್ದಾರೆ. ಅದು ನೂರು ವರ್ಷದ ಹಿಂದಿನ ಆಪರೇಷನ್, ಹೆಚ್ಚುಕಮ್ಮಿಯಾದರೆ ಬೆರಳು ಯಾರ ಕಡೆ ತಿರುಗುತ್ತಿತ್ತು? ಹೂಂ ಅಂದುಕೊಂಡು ಇದ್ದುಬಿಡುವುದು ಎಷ್ಟು ಸುಲಭವಿತ್ತು! 1917ರ ನವೆಂಬರ್ 29ರಂದು ಆಪರೇಷನ್ ಆಯಿತು. ಕರುಳಿನ ಆರಂಭದಲ್ಲೇ ಹುಣ್ಣು ಇತ್ತು. ವರ್ಷಗಟ್ಟಲೆ ಕಾಡಿದ ನೋವು ಹೋಯಿತು. ನಿಮ್ಮ 'ಹೊಗಳುಭಟ' ಅನ್ನುವ ಮಾತನ್ನು ನಾನು ಒಪ್ಪದಿರುವುದು ಈ ಒಂದು ಕಾರಣಕ್ಕೆ. ಹೊಗಳುಭಟ ದೊರೆಗೆ ಹಿತವಾದ ಮಾತನ್ನು ಹುಡುಕುತ್ತಾನೆ. ಗ್ರೆಗ್ ರೋಗಿಗೆ ಬೇಕಾದದ್ದನ್ನು ಹೇಳಿದರು.

ಅಲ್ಲಿಂದ ಏಳು ವರ್ಷ ಇಬ್ಬರೂ ಜೊತೆಗೇ. 1918ರಲ್ಲಿ ಆಲ್ಬರ್ಟ್ ಕ್ರಾನ್‌ವೆಲ್‌ನ ವಿಮಾನ ತರಬೇತಿ ಕೇಂದ್ರಕ್ಕೆ ಹೋದಾಗ ಗ್ರೆಗ್ ಕೂಡ ಹೋದರು. ಅರಮನೆಯಲ್ಲಿ ಬೆಳೆದ ಹುಡುಗ ಅಲ್ಲಿ ಗ್ರೆಗ್ ದಂಪತಿಯ ಪುಟ್ಟ ಮನೆಯಲ್ಲಿ ಮನೆಯವನ ಹಾಗೆ ಇದ್ದ. ಆ ವರ್ಷ ಏಪ್ರಿಲ್‌ನಲ್ಲಿ ರಾಯಲ್ ಏರ್ ಫೋರ್ಸ್ ಹುಟ್ಟಿತು. ಇಬ್ಬರೂ ನೌಕಾಪಡೆ ಬಿಟ್ಟು ಅದಕ್ಕೆ ಸೇರಿದರು. 1919ರ ಜುಲೈನಲ್ಲಿ ರಾಜಕುಮಾರ ಪೈಲಟ್ ಆದರು, ಬ್ರಿಟಿಷ್ ರಾಜಮನೆತನದಲ್ಲಿ ಅವರೇ ಮೊದಲು. ಗ್ರೆಗ್ ಜೊತೆಯಲ್ಲೇ ಹಾರಾಟ ಕಲಿತರು, ಆಗಲೇ ನಲವತ್ತರ ಹತ್ತಿರ. ಆಮೇಲೆ ಒಂದು ವರ್ಷ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು, ಅಲ್ಲೂ ಜೊತೆ.

1920ರಲ್ಲಿ ಆಲ್ಬರ್ಟ್ ಡ್ಯೂಕ್ ಆಫ್ ಯಾರ್ಕ್ ಆದರು. ಗ್ರೆಗ್ ಆ ಡ್ಯೂಕ್ ಮನೆಯ ಕಂಟ್ರೋಲರ್ ಆದರು. ಲೆಕ್ಕಪತ್ರ, ಓಡಾಟ, ಯಾವ ಸಮಾರಂಭಕ್ಕೆ ಹೋಗಬೇಕು, ಯಾರನ್ನು ಭೇಟಿ ಮಾಡಬೇಕು, ಎಲ್ಲ ನೋಡಿಕೊಳ್ಳುವ ಹುದ್ದೆ. ಹಡಗಿನ ಡಾಕ್ಟರಿಗೆ ಅರಮನೆಯಲ್ಲೇನು ಕೆಲಸ ಅಂತ ಕೇಳಿದಿರಲ್ಲ, ಕಾಗದದ ಮೇಲೆ ಇದೇ ಕೆಲಸ. ಆದರೆ ನಿಜವಾದ ಕೆಲಸ ನಾಚಿಕೆಯ ಹುಡುಗನನ್ನು ಜನರ ನಡುವೆ ನಿಲ್ಲಿಸುವುದಾಗಿತ್ತು. ಅದೇ ವರ್ಷ ಇಬ್ಬರೂ ಸೇರಿ ಏರ್ ಫೋರ್ಸ್‌ನ ಟೆನಿಸ್ ಡಬಲ್ಸ್ ಗೆದ್ದರು. ಪರೀಕ್ಷೆಯಲ್ಲಿ ಕೊನೆಯವನಾದ ಹುಡುಗ ಸ್ವಂತ ಕೈಯಿಂದ ಗೆದ್ದದ್ದು ಅದು, ಅದೂ ತಿದ್ದಲು ಹೊರಟಿದ್ದ ಅದೇ ಎಡಗೈಯಿಂದ. ತೊದಲು ಮಾತ್ರ ಗ್ರೆಗ್ ಅವರಿಂದ ಹೋಗಲಿಲ್ಲ. ಅದಕ್ಕೆ 1926ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಮಾತಿನ ಚಿಕಿತ್ಸಕ ಲಯನಲ್ ಲೋಗ್ ಬರಬೇಕಾಯಿತು.

1923ರ ಏಪ್ರಿಲ್‌ನಲ್ಲಿ ಡ್ಯೂಕ್ ಮದುವೆಯಾದರು. ಹೆಂಡತಿ ಎಲಿಜಬೆತ್ ಬೋಸ್ ಲಯನ್. ಅವರು ಮದುವೆಗೆ ಕೇಳಿದಾಗ ಮೊದಲು ಬೇಡ ಅಂದಿದ್ದ ಹುಡುಗಿ. ಮದುವೆಯ ಮೇಲೆ ಮನೆಯ ರೀತಿಯೇ ಬದಲಾಯಿತು. ಮುಂದಿನ ವರ್ಷ ಗ್ರೆಗ್ ಹುದ್ದೆ ಬಿಟ್ಟರು. ಷೇರು ದಲ್ಲಾಳಿ ಕಂಪನಿಯೊಂದಕ್ಕೆ ಸೇರಿ ದುಡಿಯಲು ಶುರುಮಾಡಿದರು. ಪಕ್ಕದಲ್ಲಿ ನಿಲ್ಲುವ ಜಾಗಕ್ಕೆ ಈಗ ಬೇರೆಯವರು ಬಂದಿದ್ದಾರೆ ಅಂತ ಗೊತ್ತಾದಾಗ ಜಾಗ ಬಿಟ್ಟುಕೊಡುವುದು ಸಣ್ಣ ವಿಷಯ ಅಲ್ಲ.

ಸ್ನೇಹ ಮಾತ್ರ ಉಳಿಯಿತು. ಅದಕ್ಕೇ 1926ರ ವಿಂಬಲ್ಡನ್‌ನಲ್ಲಿ ಮತ್ತೆ ಜೋಡಿಯಾದರು. ನೀವು ಕೇಳಿದ ಪಂದ್ಯ ಇದು. ಸೋತರು, ಅದೂ ಮೊದಲ ಸುತ್ತಿನಲ್ಲೇ, 6-1, 6-3, 6-2. ಎದುರಿಗಿದ್ದವರು ಆರ್ಥರ್ ಗೋರ್ ಮತ್ತು ಹರ್ಬರ್ಟ್ ರೋಪರ್ ಬ್ಯಾರೆಟ್. ಗೋರ್‌ಗೆ ಆಗ 58 ವರ್ಷ, ಬ್ಯಾರೆಟ್‌ಗೆ 52. ಮುದುಕರ ಕೈಯಲ್ಲಿ ಸೋತರಾ ಅನ್ನಬೇಡಿ. ಗೋರ್ ಮೂರು ಸಲ ವಿಂಬಲ್ಡನ್ ಸಿಂಗಲ್ಸ್ ಗೆದ್ದವರು. ಬ್ರಿಟಿಷ್ ರಾಜಮನೆತನದವರು ವಿಂಬಲ್ಡನ್‌ನಲ್ಲಿ ಸ್ಪರ್ಧಿಸಿದ್ದು ಅದೊಂದೇ ಸಲ. ನಾಚಿಕೆಯ ಮನುಷ್ಯ ಅಷ್ಟು ಜನರ ಎದುರು ಅಂಗಳಕ್ಕೆ ಇಳಿದದ್ದೇ ನನಗೆ ದೊಡ್ಡದು ಅನ್ನಿಸುತ್ತದೆ.

1932ರಲ್ಲಿ ಗ್ರೆಗ್ ಅವರಿಗೆ ಸರ್ ಪದವಿ ಬಂತು. ಲಂಡನ್ನಿನ ರಿಚ್ಮಂಡ್ ಪಾರ್ಕಿನ ಉಸ್ತುವಾರಿಯೂ ಸಿಕ್ಕಿತು. ಜಿಂಕೆಗಳು ಓಡಾಡುವ ದೊಡ್ಡ ಉದ್ಯಾನ ಅದು, ಅದರೊಳಗೇ ವಾಸ. 1936ರ ಡಿಸೆಂಬರ್‌ನಲ್ಲಿ ಅಣ್ಣ ಸಿಂಹಾಸನ ಬಿಟ್ಟಾಗ ಆಲ್ಬರ್ಟ್ ಆರನೇ ಜಾರ್ಜ್ ಆದರು. ಮರುವರ್ಷ ಗ್ರೆಗ್ ವಿಂಬಲ್ಡನ್ ಕ್ಲಬ್ಬಿನ ಅಧ್ಯಕ್ಷರಾದರು. ಯುದ್ಧ ಬಂದಾಗ ಏರ್ ಫೋರ್ಸ್‌ಗೆ ವಾಪಸ್ ಹೋಗಿ ವಾಯುಪಡೆ ಸಚಿವರ ಕಚೇರಿಯಲ್ಲಿ ಕೆಲಸ ಮಾಡಿದರು. 1940ರ ಅಕ್ಟೋಬರ್‌ನಲ್ಲಿ ವಿಂಬಲ್ಡನ್‌ನ ಮುಖ್ಯ ಅಂಗಳವಾದ ಸೆಂಟರ್ ಕೋರ್ಟಿನ ಮೇಲೆ ಬಾಂಬ್ ಬಿದ್ದು 1,200 ಆಸನಗಳ ಜಾಗ ಹಾಳಾಯಿತು. ಕ್ಲಬ್ಬಿನ ಅಂಗಳದಲ್ಲಿ ಆಗ ಹಂದಿ, ಕೋಳಿ ಸಾಕುತ್ತಿದ್ದರು. 1946ರಲ್ಲಿ, ಮುರಿದ ಭಾಗ ಇನ್ನೂ ಸರಿಯಾಗುವ ಮೊದಲೇ, ಪಂದ್ಯಾವಳಿ ಮತ್ತೆ ಶುರುವಾಯಿತು. ಆಗಲೂ ಅಧ್ಯಕ್ಷರು ಅವರೇ.

ರಾಜ 1952ರ ಫೆಬ್ರವರಿಯಲ್ಲಿ ತೀರಿಕೊಂಡರು. ಗ್ರೆಗ್ 1953ರ ಮಾರ್ಚ್ 1ರಂದು ಹೋದರು. ಆವತ್ತಿಗೂ ಕ್ಲಬ್ಬಿನ ಅಧ್ಯಕ್ಷ ಸ್ಥಾನದಲ್ಲಿ ಅವರೇ ಇದ್ದರು.

ನಿಮ್ಮ
ಸಂಪಾದಕ