ಪರದೆ ಎಳೆದು ಮಾಡಿದ ಪ್ರಾರ್ಥನೆ: ಒಂದು ಆಪ್ತಸಲಹೆ ಪ್ರಕರಣ

ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ, ನಲವತ್ತರ ಆಸುಪಾಸಿನ ಕ್ರೈಸ್ತ ಮಹಿಳೆಯೊಬ್ಬರು ವಿಡಿಯೊ ಕರೆಯ ಮೂಲಕ ನನ್ನೊಂದಿಗೆ ಏಳು ಸಲ ಮಾತನಾಡಿದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ. ಅವರಿರುವ ಊರಿನಲ್ಲಿ ಆಪ್ತಸಲಹೆಗಾರರಿಗೆ ಕೊರತೆಯಿರಲಿಲ್ಲ. "ಆದರೆ ಅಳುವುದಕ್ಕೂ ಪ್ರಾರ್ಥನೆ ಮಾಡುವುದಕ್ಕೂ ನನಗೆ ಕನ್ನಡವೇ ಬೇಕು, ಮೇಡಂ" ಎಂದು ಮೊದಲ ದಿನವೇ ಹೇಳಿದರು. ಅವರ ತೊಂದರೆಯ ಒಂದು ಎಳೆ ಹೊರಟದ್ದೂ ಅಲ್ಲಿಂದಲೇ ಎಂಬುದು ನನಗೆ ತಿಳಿದದ್ದು ಮೂರನೆಯ ಭೇಟಿಯಲ್ಲಿ.

ನಡೆದದ್ದು ಇಷ್ಟು. ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ರಾತ್ರಿ ಪಾಳಿ. ಬೆಳಗಾದರೆ ಆಪರೇಷನ್ ಇದ್ದ ವೃದ್ಧೆಯೊಬ್ಬರಿಗೆ ಮೂರು ಗಂಟೆಯಾದರೂ ನಿದ್ದೆ ಹತ್ತಿರಲಿಲ್ಲ. ರಕ್ತದೊತ್ತಡ ನೋಡಿ, ದಿಂಬು ಸರಿಪಡಿಸಿ ಇವರು ಹೊರಡುವಾಗ ಆಕೆ ಕೈ ಹಿಡಿದುಕೊಂಡರು. "ನಿಮಗಾಗಿ ಪ್ರಾರ್ಥನೆ ಮಾಡಲೇ?" ಎಂದು ಇವರು ಇಂಗ್ಲಿಷಿನಲ್ಲಿ ಕೇಳಿದಾಗ ಆಕೆ ತಲೆಯಾಡಿಸಿದರು. ಇವರು ಹಾಸಿಗೆಯ ಸುತ್ತಲಿನ ಪರದೆ ಎಳೆದು, ಕಣ್ಣು ಮುಚ್ಚಿ, ತಗ್ಗಿದ ದನಿಯಲ್ಲಿ ಅರ್ಧ ನಿಮಿಷ ಪ್ರಾರ್ಥಿಸಿದರು. ಮರುದಿನ ವೃದ್ಧೆಯ ಮಗ ದೂರು ಕೊಟ್ಟರು. ವಾರ್ಡ್ ಮ್ಯಾನೇಜರ್ ಕರೆದು ಮಾತನಾಡಿ, ಕಡತದಲ್ಲಿ ಒಂದು ಟಿಪ್ಪಣಿ ಬರೆದು, ಆನ್‌ಲೈನ್ ತರಬೇತಿಯೊಂದನ್ನು ಮುಗಿಸುವಂತೆ ತಿಳಿಸಿದರು. ಅಮಾನತಾಗಲಿ ಸಂಬಳ ಕಡಿತವಾಗಲಿ ಆಗಲಿಲ್ಲ.

ಉಳಿದ ಶಿಕ್ಷೆಯನ್ನು ಇವರೇ ತಮಗೆ ವಿಧಿಸಿಕೊಂಡರು. ಕುತ್ತಿಗೆಯ ಶಿಲುಬೆಯ ಸರವನ್ನು ಯಾರೂ ಹೇಳದೆಯೇ ತೆಗೆದಿಟ್ಟರು. ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ದಿನವೂ ಹಾಕುತ್ತಿದ್ದ ದೇವರ ವಾಕ್ಯ ನಿಂತಿತು. ಪಾಳಿ ಮುಗಿಸಿ ಹೊರಡುವಾಗ ರೋಗಿಗಳಿಗೆ ಹೇಳುತ್ತಿದ್ದ 'ಗಾಡ್ ಬ್ಲೆಸ್' ಹೋಯಿತು. ಇಷ್ಟರಲ್ಲಿ ಒಂದು ಸೋಮವಾರ, ಔಷಧಿಯ ಟ್ರಾಲಿಯ ಬಳಿ ನಿಂತಿದ್ದಾಗ, ಜೊತೆಗೆ ಕೆಲಸ ಮಾಡುವ ಹುಡುಗಿಯೊಬ್ಬಳು ನಿನ್ನೆ ರಜೆಯಲ್ಲಿ ಏನು ಮಾಡಿದಿರಿ ಎಂದು ಸುಮ್ಮನೆ ಕೇಳಿದಳು. ಚರ್ಚಿನಲ್ಲಿ ಎರಡೂವರೆ ಗಂಟೆ ಕಳೆದು ಬಂದಿದ್ದ ಇವರು "ಶಾಪಿಂಗ್ ಹೋಗಿದ್ದೆ" ಎಂದುಬಿಟ್ಟರು. ನನಗೆ ಕರೆ ಮಾಡಿದ್ದು ದೂರು ಬಂದ ದಿನವಲ್ಲ, ಈ ಸುಳ್ಳು ಹೇಳಿದ ರಾತ್ರಿ. ಮಹಾಯಾಜಕನ ಅಂಗಳದಲ್ಲಿ ದಾಸಿಯೊಬ್ಬಳು ಕೇಳಿದಾಗ 'ಆ ಮನುಷ್ಯನನ್ನು ನಾನರಿಯೆ' ಎಂದು ಯೇಸುವನ್ನೇ ನಿರಾಕರಿಸಿ, ಕೋಳಿ ಕೂಗಿದಾಗ ತಪ್ಪು ನೆನೆದು ಅತ್ತ ಶಿಷ್ಯ ಪೇತ್ರನ ಕಥೆ ಅವರ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, "ಟ್ರಾಲಿಯ ಹತ್ತಿರ ನನಗೆ ಕೋಳಿ ಕೂಗಿದ್ದು ಕೇಳಿಸಿತು" ಎಂದರು. ನಾನು ಕ್ರೈಸ್ತಳಲ್ಲ, ಆದರೆ ಆ ಮಾತಿನ ಭಾರ ಅರ್ಥವಾಗಲು ಕ್ರೈಸ್ತಳಾಗಬೇಕಾಗಿಯೂ ಇಲ್ಲ.

ಎರಡನೆಯ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಇದು ಉದ್ಯೋಗಸ್ಥಳದ ಹಕ್ಕಿನ ಪ್ರಶ್ನೆಯೆಂದು ಭಾವಿಸಿ ಕಾನೂನಿನ ಮಾತಿಗೆ ಇಳಿದೆ. ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯ 9ನೆಯ ವಿಧಿ, ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ಎಂದೆಲ್ಲ ಹೇಳುತ್ತ ಹೋದಂತೆ ಅವರ ಮುಖ ಮುಚ್ಚಿಕೊಳ್ಳುತ್ತ ಹೋಯಿತು. ಆ ಮಾತನ್ನು ಅವರ ಪ್ರಾರ್ಥನಾ ಗುಂಪಿನವರು ಆಗಲೇ ನನಗಿಂತ ಜೋರಾಗಿ ಹೇಳಿದ್ದರು. ಇದು ಹಿಂಸೆ, ನೀತಿಯ ನಿಮಿತ್ತ ಹಿಂಸೆ ತಾಳಿಕೊಳ್ಳುವವರು ಧನ್ಯರು, ಕೋರ್ಟಿಗೆ ಹೋಗಿ, ಕೂಟದಲ್ಲಿ ಸಾಕ್ಷಿ ಹೇಳಿ ಎಂದು ಕೆಲವರು. ವೀಸಾ ಇರುವುದೇ ಈ ಕೆಲಸದ ಮೇಲೆ, ಬಾಯಿ ಮುಚ್ಚಿಕೊಂಡಿರು ಎಂದು ಗಂಡ. ಒಬ್ಬರಂತೂ ಅವರ ಮಾತನ್ನು ವಿಡಿಯೊ ಮಾಡಿ ಫೇಸ್‌ಬುಕ್ಕಿಗೆ ಹಾಕಲು ಸಿದ್ಧರಾಗಿದ್ದರು. ಆ ರಾತ್ರಿ ಪರದೆಯೊಳಗೆ ಏನಾಯಿತೆಂದು ಮಾತ್ರ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮೂರನೆಯ ಭೇಟಿಯಲ್ಲಿ ಕೇಳಿದೆ. ಪ್ರಾರ್ಥನೆಯ ಮಾತುಗಳು ಏನಿದ್ದವು? ಅವರು ಕಣ್ಣು ಮುಚ್ಚಿ ಹೇಳತೊಡಗಿದರು: "ಪರಲೋಕದ ತಂದೆಯೇ, ಈ ತಾಯಿಯನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ…" ಎರಡು ಸಾಲಿನ ನಂತರ ತಾವಾಗಿಯೇ ನಿಲ್ಲಿಸಿದರು. ಕೇಳಿದ್ದು ಇಂಗ್ಲಿಷಿನಲ್ಲಿ, ಪ್ರಾರ್ಥಿಸಿದ್ದು ಕನ್ನಡದಲ್ಲಿ. ಅವರಿಗೆ ಬೇರೆ ಯಾವ ಭಾಷೆಯಲ್ಲೂ ಪ್ರಾರ್ಥನೆ ಬರುವುದಿಲ್ಲ, ಅದು ಅವರ ಗಮನಕ್ಕೂ ಬಂದಿರಲಿಲ್ಲ. ದೂರಿನ ಪ್ರತಿಯಲ್ಲಿ ಮಗ ಬರೆದದ್ದೇನೆಂದು ಆಮೇಲೆ ಓದಿ ಹೇಳಿದರು: ಆಪರೇಷನ್ನಿಗೆ ಐದು ಗಂಟೆ ಮೊದಲು ನರ್ಸ್ ಪರದೆ ಎಳೆದು, ಕೈ ಹಿಡಿದು, ತಿಳಿಯದ ಭಾಷೆಯಲ್ಲಿ ಏನೋ ಹೇಳಿದರು, ನಾನು ಸಾಯುತ್ತೇನೆಂದು ಇವರಿಗೆಲ್ಲ ಗೊತ್ತಿದೆಯೇ ಎಂದು ತಾಯಿ ಬೆಳಗಿನವರೆಗೆ ನಡುಗಿದರು. ಆ ಪತ್ರದಲ್ಲಿ ಕ್ರೈಸ್ತ ಧರ್ಮದ ವಿರುದ್ಧ ಒಂದು ಪದವೂ ಇರಲಿಲ್ಲ. ಈ ಸಾಲುಗಳನ್ನು ಇವರು ಅದುವರೆಗೆ ಹತ್ತು ಸಲವಾದರೂ ಓದಿದ್ದರು, ಓದಿದಾಗಲೆಲ್ಲ ಅಲ್ಲಿ ಕಂಡದ್ದು ತಮ್ಮ ನಂಬಿಕೆಯ ಮೇಲಿನ ದಾಳಿ.

ಅವರು ಹಾಗೆ ಓದಿದ್ದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2011ರ ಜನಗಣತಿಯಲ್ಲಿ ತಮ್ಮನ್ನು ಕ್ರೈಸ್ತರೆಂದು ಗುರುತಿಸಿಕೊಂಡವರು ಶೇ 59.3, 2021ರಲ್ಲಿ ಶೇ 46.2. ಯಾವ ಧರ್ಮವೂ ಇಲ್ಲವೆಂದವರು ಅದೇ ಅವಧಿಯಲ್ಲಿ ಶೇ 25.2ರಿಂದ 37.2ಕ್ಕೆ ಏರಿದರು. ಒಂದು ಕಾಲದಲ್ಲಿ ಕ್ರೈಸ್ತ ಧರ್ಮದ ವಿರುದ್ಧ ಆಡಿದ ಮಾತಿಗೆ ಶಿಕ್ಷೆ ವಿಧಿಸುತ್ತಿದ್ದ ದೈವನಿಂದೆಯ ಅಪರಾಧವನ್ನು ಅಲ್ಲಿ ತೆಗೆದುಹಾಕಿದ್ದು 2008ರಲ್ಲಷ್ಟೇ. ಮಿಷನರಿಗಳ ನಾಡು ಎಂದು ಬಾಲ್ಯದಿಂದ ಕೇಳಿದ ದೇಶಕ್ಕೆ ಬಂದು, ತನ್ನ ಪಾಳಿಯ ಹನ್ನೊಂದು ಜನರಲ್ಲಿ ಭಾನುವಾರ ಚರ್ಚಿಗೆ ಹೋಗುವವಳು ತಾನೊಬ್ಬಳೇ ಎಂದು ಅರಿವಾದಾಗ ಆಗುವ ಒಂಟಿತನ ಸಣ್ಣದಲ್ಲ. ಆದರೆ ಸುತ್ತಲಿನವರು ನಂಬದಿರುವುದು ಬೇರೆ, ನಂಬುವವಳ ಬಾಯಿ ಕಟ್ಟುವುದು ಬೇರೆ. ಇವೆರಡೂ ಅವರ ಮನಸ್ಸಿನಲ್ಲಿ ಒಂದೇ ಆಗಿದ್ದವು, ಅವರ ಗುಂಪಿನಲ್ಲಿ ಅದನ್ನು ಬಿಡಿಸಿ ಹೇಳುವವರೂ ಇರಲಿಲ್ಲ.

ಕಾನೂನಿನ ಮಾತನ್ನು ನಾಲ್ಕನೆಯ ಭೇಟಿಯಲ್ಲಿ ಮತ್ತೆ ಎತ್ತಿಕೊಂಡೆವು, ಈ ಸಲ ಅವರೇ ಕೇಳಿದ್ದರಿಂದ. ನಾನು ವಕೀಲಳಲ್ಲವೆಂದು ತಿಳಿಸಿ, ಯೂನಿಯನ್ ಪ್ರತಿನಿಧಿಯನ್ನು ತಡಮಾಡದೆ ಕಾಣುವಂತೆ ಹೇಳಿದೆ; ಅವರ ಭಯದ ಅಳತೆ ಸರಿಯಾಗಲೆಂದು ಮಾತ್ರ ಕೆಲವು ತೀರ್ಪುಗಳನ್ನು ಮುಂದಿಟ್ಟೆ. 9ನೆಯ ವಿಧಿಯ ಪ್ರಕಾರ ನಂಬುವ ಹಕ್ಕಿಗೆ ಮಿತಿಯೇ ಇಲ್ಲ. ನಂಬಿಕೆಯನ್ನು ಹೊರಗೆ ತೋರಿಸುವ ಹಕ್ಕಿಗೆ ಮಾತ್ರ, ಕಾನೂನಿನ ಆಧಾರವಿದ್ದು, ಆರೋಗ್ಯ ಅಥವಾ ಇತರರ ಹಕ್ಕುಗಳ ರಕ್ಷಣೆಯಂಥ ಕಾರಣಕ್ಕೆ ಅಗತ್ಯವಿದ್ದಾಗ, ಮಿತಿ ಹಾಕಬಹುದು. ಬ್ರಿಟಿಷ್ ಏರ್‌ವೇಸ್‌ನ ಉದ್ಯೋಗಿ ನಾಡಿಯಾ ಎವೀಡಾ ಎಲ್ಲರಿಗೂ ಕಾಣುವಂತೆ ಶಿಲುಬೆ ಧರಿಸುವ ಹಕ್ಕನ್ನು 2013ರ ಜನವರಿಯಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಗೆದ್ದರು. ಅದೇ ತೀರ್ಪಿನಲ್ಲಿ ಶರ್ಲಿ ಚಾಪ್ಲಿನ್ ಎಂಬ ನರ್ಸ್ ಸೋತರು, ಏಕೆಂದರೆ ವಾರ್ಡಿನಲ್ಲಿ ಕುತ್ತಿಗೆಯ ಸರ ರೋಗಿಯ ಕೈಗೆ ಸಿಕ್ಕಬಹುದು, ಗಾಯಕ್ಕೆ ತಾಗಬಹುದು ಎಂಬ ಆಸ್ಪತ್ರೆಯ ಕಾರಣವನ್ನು ನ್ಯಾಯಾಲಯ ಒಪ್ಪಿತು. ರೋಗಿಗಳೊಂದಿಗೆ ಧರ್ಮದ ಮಾತು ಬೇಡವೆಂದು ಹೇಳಿದ ಮೇಲೂ ಮುಂದುವರಿಸಿ 2016ರಲ್ಲಿ ಕೆಲಸ ಕಳೆದುಕೊಂಡ ಸಾರಾ ಕುಟೆ ಎಂಬ ನರ್ಸಿನ ಮೇಲ್ಮನವಿ 2019ರಲ್ಲಿ ಬಿದ್ದುಹೋಯಿತು. ಇನ್ನೊಂದು ಕಡೆ, ಫೇಸ್‌ಬುಕ್ ಬರಹಕ್ಕಾಗಿ ಶಾಲೆಯ ಕೆಲಸದಿಂದ ವಜಾ ಆಗಿದ್ದ ಕ್ರಿಸ್ಟಿ ಹಿಗ್ಸ್ ಪರವಾಗಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2025ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. ನರ್ಸುಗಳ ನೋಂದಣಿ ಮಂಡಳಿಯ ನಿಯಮಾವಳಿಯ 20.7ನೆಯ ಸಾಲನ್ನು ಅವರೇ ತಮ್ಮ ಫೋನಿನಲ್ಲಿ ತೆರೆದು ನೋಡಿದರು. ಧಾರ್ಮಿಕ, ರಾಜಕೀಯ ಅಥವಾ ನೈತಿಕ ನಂಬಿಕೆಗಳನ್ನು ಜನರ ಮುಂದೆ 'ಅನುಚಿತ ರೀತಿಯಲ್ಲಿ' ವ್ಯಕ್ತಪಡಿಸಬಾರದು ಎಂದಿದೆ. "ವ್ಯಕ್ತಪಡಿಸಲೇಬಾರದು ಅಂತ ಇಲ್ಲವಲ್ಲ!" ಎಂದರು. ಇಲ್ಲ. ಅಷ್ಟು ದಿನ ಅವರು ಪಾಲಿಸುತ್ತಿದ್ದ ನಿಯಮ ಯಾರೂ ಬರೆಯದ ನಿಯಮವಾಗಿತ್ತು.

ತಿರುವು ಸಿಕ್ಕಿದ್ದು ತೀರ್ಪುಗಳಿಂದಲ್ಲ, ಅವರದೇ ಸತ್ಯವೇದದಿಂದ. ಪೇತ್ರನ ಮೊದಲ ಪತ್ರಿಕೆಯ ಮೂರನೆಯ ಅಧ್ಯಾಯದ ಒಂದು ಮಾತನ್ನು ತಮ್ಮ ಸಮರ್ಥನೆಗೆಂದು ಅವರೇ ತಂದಿದ್ದರು: ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಿ, ಆದರೆ ಅದನ್ನು ಸಾತ್ವಿಕತೆಯಿಂದ ಹೇಳಿರಿ ಎಂಬ ಅರ್ಥದ್ದು. 'ಕೇಳುವವರಿಗೆ' ಎಂಬ ಪದವನ್ನು ಇನ್ನೊಮ್ಮೆ ಓದಿ ಎಂದಷ್ಟೇ ಹೇಳಿದೆ. ಅವರು ಓದಿ ಬಹಳ ಹೊತ್ತು ಸುಮ್ಮನಿದ್ದರು. "ಟ್ರಾಲಿ ಹತ್ತಿರ ಆ ಹುಡುಗಿ ಕೇಳಿದಳು, ನಾನು ಹೇಳಲಿಲ್ಲ. ಈ ತಾಯಿ ಕೇಳಿರಲಿಲ್ಲ, ನಾನೇ ಹೇಳಿದೆ." ಇದಕ್ಕಿಂತ ಸ್ಪಷ್ಟವಾಗಿ ನಾನು ಹೇಳಲಾರದವಳಾಗಿದ್ದೆ. ಆದರೂ ಆಕೆ ತಲೆಯಾಡಿಸಿದ್ದರಲ್ಲ ಎಂಬ ಪ್ರಶ್ನೆ ಉಳಿದಿತ್ತು. ನೋವಿನ ಮಾತ್ರೆಯಿಂದ ಹಿಡಿದು ಬಚ್ಚಲಿಗೆ ಹೋಗುವುದರವರೆಗೆ ಎಲ್ಲಕ್ಕೂ ನಿಮ್ಮನ್ನೇ ಕರೆಯಬೇಕಾದ, ಎದ್ದು ಹೋಗಲಾಗದ ಒಬ್ಬರು ರಾತ್ರಿ ಮೂರು ಗಂಟೆಗೆ ನಿಮಗೆ 'ಬೇಡ' ಎನ್ನುವುದು ಎಷ್ಟು ಸುಲಭ ಎಂದು ಕೇಳಿದೆ. ಅದಕ್ಕೆ ಅವರು ಆ ದಿನ ಉತ್ತರಿಸಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ರೋಗಿಯ ಬಳಿ ಪ್ರಾರ್ಥನೆಯ ಮಾತನ್ನು ತಾವಾಗಿ ತೆಗೆಯಬಾರದು. ರೋಗಿಯೇ ದೇವರ ಮಾತೆತ್ತಿದರೆ ಕಿವಿಗೊಟ್ಟು ಕೇಳಬೇಕು, ಚಾಪ್ಲೆನ್ ಎಂದು ಕರೆಯಲಾಗುವ ಆಸ್ಪತ್ರೆಯ ಧರ್ಮಗುರುವನ್ನು ಕರೆಸಲೇ ಎಂದು ವಿಚಾರಿಸಬೇಕು. ಮನಸ್ಸಿನೊಳಗೆ ಅವರು ಯಾರಿಗಾಗಿ, ಯಾವ ಭಾಷೆಯಲ್ಲಿ ಪ್ರಾರ್ಥಿಸಿದರೂ ಅದು ಅವರಿಗೆ ಸೇರಿದ್ದು, ಅದನ್ನು ನಿಲ್ಲಿಸಿದ್ದರೆ ಇಂದೇ ಮತ್ತೆ ಶುರುಮಾಡಬೇಕು. ಸಹೋದ್ಯೋಗಿಗಳು ಕೇಳಿದರೆ ಒಂದು ವಾಕ್ಯದಲ್ಲಿ ನಿಜ ಹೇಳಬೇಕು, ಮುಂದಿನ ಪ್ರಶ್ನೆ ಬಾರದಿದ್ದರೆ ಅಲ್ಲಿಗೆ ಬಿಡಬೇಕು. ಶಿಲುಬೆಯ ವಿಷಯದಲ್ಲಿ ಊಹೆ ಬೇಡ, ಸಮವಸ್ತ್ರದ ನಿಯಮವನ್ನು ಬರಹದಲ್ಲಿ ಕೇಳಿ ಪಡೆಯಬೇಕು. ವಿಡಿಯೊ, ಫೇಸ್‌ಬುಕ್ ಎರಡೂ ಬೇಡವೆಂದು ಖಂಡಿತವಾಗಿ ಹೇಳಿದೆ, ಏಕೆಂದರೆ ಅದರಲ್ಲಿ ಬರುವುದು ಇವರ ಕಥೆಯೊಂದೇ ಅಲ್ಲ, ಹಾಸಿಗೆಯಲ್ಲಿದ್ದ ಆ ವೃದ್ಧೆಯ ಕಥೆಯೂ ಹೌದು, ಅದನ್ನು ಬೀದಿಗೆ ತರಲು ನರ್ಸಿಗೆ ಹಕ್ಕಿಲ್ಲ.

ಮ್ಯಾನೇಜರರಿಗೆ ಬರೆಯುವ ಪತ್ರಕ್ಕೆ ಐದನೆಯ ಭೇಟಿಯಿಡೀ ಹೋಯಿತು. ಮೊದಲ ಕರಡಿನಲ್ಲಿ 'ನನ್ನ ನಂಬಿಕೆಯಿಂದ ತೊಂದರೆಯಾಗಿದ್ದರೆ ಕ್ಷಮಿಸಿ' ಎಂದಿತ್ತು. ನಂಬಿಕೆಗಾಗಿ ಕ್ಷಮೆ ಕೇಳಬೇಡಿ, ಅದು ನಿಮಗೂ ಸುಳ್ಳು, ಅವರಿಗೂ ಬೇಡದ್ದು ಎಂದೆ. ಎರಡನೆಯ ಕರಡಿನಲ್ಲಿ ಕ್ಷಮೆಯೇ ಇರಲಿಲ್ಲ, ಬರೀ ಹಕ್ಕಿನ ಮಾತು. ಕೊನೆಗೆ ಉಳಿದದ್ದು: 'ಆಪರೇಷನ್ನಿನ ಹಿಂದಿನ ರಾತ್ರಿ ಅವರು ನನ್ನಿಂದಾಗಿ ಹೆದರಿದರು. ಅದಕ್ಕೆ ನಾನು ಕ್ಷಮೆ ಕೇಳುತ್ತೇನೆ. ನಾನು ಕ್ರೈಸ್ತಳು, ಅದನ್ನು ಅಡಗಿಸಿ ಕೆಲಸ ಮಾಡಬೇಕಿಲ್ಲವೆಂದು ತಿಳಿದಿದ್ದೇನೆ. ಮಿತಿ ಎಲ್ಲಿದೆಯೆಂದು ದಯವಿಟ್ಟು ಬರಹದಲ್ಲಿ ತಿಳಿಸಿ.'

ಮಗಳ ವಿಷಯ ಬಂದದ್ದು ಆರನೆಯ ಭೇಟಿಯಲ್ಲಿ, ಅದೂ ನೆಟ್‌ವರ್ಕ್ ಕಡಿದು ಮತ್ತೆ ಸೇರಿದ ನಡುವೆ, ಪಕ್ಕದ ಮಾತಾಗಿ. ಹದಿನೈದರ ಹುಡುಗಿ ಊಟದ ಹೊತ್ತಿನಲ್ಲಿ "ಮಮ್ಮಿ, ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ" ಎಂದಿದ್ದಳು. "ಈ ಮನೆಯಲ್ಲಿ ಆ ಮಾತು ಆಡಕೂಡದು" ಎಂದು ಇವರು ತಟ್ಟೆ ಎತ್ತಿಕೊಂಡು ಹೋಗಿದ್ದರು. ನಾಲ್ಕು ತಿಂಗಳಿಂದ ಅವಳು ಭಾನುವಾರ ಸುಮ್ಮನೆ ಬಂದು ಕೂತು ಹೋಗುತ್ತಾಳೆ, ಮಾತಿಲ್ಲ. ಮ್ಯಾನೇಜರ್ ನಿಮಗೆ ಹೇಳಿದ್ದು ಇಷ್ಟು ಕಠಿಣವಾಗಿತ್ತೇ ಎಂದು ಕೇಳಿದೆ. ಅವರಿಗೆ ಸಿಟ್ಟು ಬಂತು. "ಅದು ಬೇರೆ, ಇದು ಬೇರೆ. ನಾನು ಅವಳ ತಾಯಿ." ಅವರ ಮಾತಿನಲ್ಲಿ ನಿಜವಿದೆ, ಮಕ್ಕಳನ್ನು ತಮ್ಮ ನಂಬಿಕೆಯಲ್ಲಿ ಬೆಳೆಸುವುದು ತಂದೆತಾಯಿಯ ಹಕ್ಕು, ಯಜಮಾನನಿಗೂ ನೌಕರಳಿಗೂ ಇರುವ ಸಂಬಂಧ ಅದಲ್ಲ. ಅದನ್ನು ಒಪ್ಪಿಕೊಂಡೆ. ಚರ್ಚಿಗೆ ಬರಬೇಕೆಂಬ ನಿಯಮವನ್ನು ಬೇಕಾದರೆ ಉಳಿಸಿಕೊಳ್ಳಿ, ಆದರೆ ನಂಬಿಕೆ ಇಲ್ಲವೆಂದು ಹೇಳುವುದನ್ನು ನಿಷೇಧಿಸಬೇಡಿ, ಇಲ್ಲದಿದ್ದರೆ ಅವಳೂ ನಿಮ್ಮೆದುರು 'ಶಾಪಿಂಗ್ ಹೋಗಿದ್ದೆ' ಎನ್ನಲು ಕಲಿಯುತ್ತಾಳೆ ಎಂದೆ. ಆ ದಿನ ಅವರು ಹತ್ತು ನಿಮಿಷ ಮೊದಲೇ ಕರೆ ಮುಗಿಸಿದರು.

ಏಳನೆಯ ಭೇಟಿ ಆರು ವಾರಗಳ ನಂತರ. ಮ್ಯಾನೇಜರರ ಉತ್ತರ ಬಂದಿತ್ತು: ಕುತ್ತಿಗೆಯ ಸರ ವಾರ್ಡಿನಲ್ಲಿ ಯಾರಿಗೂ ಇಲ್ಲ, ಅಂಗಿಗೆ ಚುಚ್ಚುವ ಸಣ್ಣ ಶಿಲುಬೆಯ ಪಿನ್ ಆಗಬಹುದು, ಕಡತದ ಟಿಪ್ಪಣಿಯ ಜೊತೆಗೆ ನಿಮ್ಮ ಪತ್ರವನ್ನೂ ಇಡುತ್ತೇನೆ. ಟ್ರಾಲಿಯ ಹುಡುಗಿಗೆ "ಅವತ್ತು ನಾನು ಶಾಪಿಂಗ್ ಹೋಗಿರಲಿಲ್ಲ, ಚರ್ಚಿಗೆ ಹೋಗಿದ್ದೆ" ಎಂದು ಹೇಳಿಯೂ ಆಗಿತ್ತು. ಅವಳು "ಹೌದಾ, ನನ್ನ ಅಜ್ಜಿಯೂ ಹೋಗುತ್ತಿದ್ದರು" ಎಂದು ಮಾತ್ರೆಗಳನ್ನು ಎಣಿಸಲು ತೊಡಗಿದಳಂತೆ. ಇದನ್ನು ಹೇಳುವಾಗ ಇವರ ದನಿಯಲ್ಲಿ ನೆಮ್ಮದಿಗಿಂತ ಸ್ವಲ್ಪ ನಿರಾಶೆಯೇ ಇತ್ತು. ಅಷ್ಟು ದಿನ ಹೆದರಿದ್ದು ಇದಕ್ಕೇ ಎನ್ನಿಸಿರಬೇಕು. ಮಗಳು ಒಂದು ಭಾನುವಾರ ಮನೆಯಲ್ಲೇ ಉಳಿದಳು, ಇವರು ತಡೆಯಲಿಲ್ಲ, ಆದರೆ ಆರಾಧನೆಯುದ್ದಕ್ಕೂ ಅತ್ತರು. ಪಿನ್ ಕೊಂಡಿರೇ ಎಂದು ಕೇಳಿದೆ. ಇನ್ನೂ ಇಲ್ಲ, ಎರಡು ನೋಡಿಟ್ಟಿದ್ದೇನೆ, ಯಾವುದೆಂದು ಮಗಳನ್ನು ಕೇಳೋಣ ಎಂದುಕೊಂಡಿದ್ದೇನೆ ಎಂದರು.