ಮೊಲದ ಮನೆಗೆ ಪಾಯ ತೋಡುವ ಮುಂಚೆ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ಮಗ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದಾನೆ. ಅಡಿಕೆ ತೋಟದ ಜೊತೆಗೆ ಮೊಲ ಸಾಕುತ್ತಾನಂತೆ. ಹಿತ್ತಿಲಲ್ಲಿ 40 ಅಡಿ ಉದ್ದ, 20 ಅಡಿ ಅಗಲದ ಶೆಡ್ ಕಟ್ಟಿ, ತಗಡು ಹೊದಿಸಿ, ಒಟ್ಟಿಗೇ 50 ಹೆಣ್ಣು ಮೊಲ ತರುವ ಲೆಕ್ಕ. ಅಡ್ಡ ಬರುವ ಹಲಸಿನ ಮರ ಕಡಿಯಬೇಕು ಅಂತಾನೆ. ಹಸು ಕೊಟ್ಟ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿದೆ, ಅದರಲ್ಲೇ ಸಾಕಿಕೊಳ್ಳಲಿ ಅಂತಾರೆ ಭಾವ. ಕೊಲ್ಲೋಕೆ ಸಾಕುವ ಪ್ರಾಣಿ ಮನೆಗೆ ಬೇಡ ಅಂತಾರೆ ಅತ್ತೆ. ನಾನು ಯಾರ ಮಾತು ಕೇಳಲಿ?”

ಸಂಪಾದಕರ ಉತ್ತರ:

ಮೊದಲು ಅತ್ತೆಯವರ ಮಾತು. ಅದನ್ನು ಪಕ್ಕಕ್ಕೆ ಸರಿಸಬೇಡಿ. ಮೊಲ ಸಾಕಿದರೆ ಬರುವ ಕಾಸು ಬಹುಪಾಲು ಮಾಂಸದಿಂದಲೇ. ಉಣ್ಣೆ ಕೊಡುವ ಅಂಗೋರಾ ಮೊಲ ಚಳಿ ಸೀಮೆಯದು, ಹಿಮಾಚಲದ ಕುಲ್ಲು ಕಡೆ ಸಾಕುತ್ತಾರೆ. ನಮ್ಮ ಸೆಕೆಗೆ ಅದು ಆಗದು. ಹಾಗಾಗಿ ಮನೆಯಲ್ಲಿ ಕೊಯ್ಯುವುದಿಲ್ಲ, ಜೀವಂತವಾಗಿಯೇ ಮಾರುತ್ತೇವೆ ಅಂತ ಬೇಕಾದರೆ ತೀರ್ಮಾನ ಮಾಡಿಕೊಳ್ಳಿ. ಆದರೆ ಅದು ಪಾಯ ತೋಡುವ ಮುಂಚೆಯೇ ಆಗಲಿ. ಶೆಡ್ ಎದ್ದ ಮೇಲೆ ಮನೆಯಲ್ಲಿ ಮುನಿಸು ಎದ್ದರೆ ಎರಡನ್ನೂ ಕೆಡವೋಕೆ ಆಗಲ್ಲ.

ಇನ್ನು ಮಗನ 50 ಹೆಣ್ಣು. ಬೇಡ. 7 ಹೆಣ್ಣು, 3 ಗಂಡು ತನ್ನಿ. ಮೊಲ ಸಾಕುವವರು ಇದನ್ನೇ ಒಂದು ಯುನಿಟ್ ಅನ್ನುತ್ತಾರೆ. ಕಡಿಮೆ ಅನಿಸಿತಾ? ಲೆಕ್ಕ ಹಾಕಿ. ಮೊಲದ ಗಬ್ಬ 31 ದಿನ ಅಷ್ಟೇ. ಎರಡು ತಿಂಗಳಿಗೊಮ್ಮೆ ಮರಿ ಹಾಕಿಸಿ, ಒಂದೊಂದಕ್ಕೆ 6 ಮರಿ ಉಳಿದರೂ 42 ಮರಿ ಆಯಿತು. ಒಂದು ತಿಂಗಳಿಗೆ ತಾಯಿಯಿಂದ ಬೇರೆ ಮಾಡಿ, ಮೂರು ತಿಂಗಳಿಗೆ ಮಾರಿದರೆ, ಯಾವಾಗ ನೋಡಿದರೂ ಶೆಡ್ಡಿನಲ್ಲಿ 40 ಬೆಳೆಯುವ ಮರಿ ಇರುತ್ತವೆ. ಆ 40 ಮರಿಯನ್ನು ನಿಮ್ಮ ಊರಿನ ಸುತ್ತ ಯಾರು ಕೊಳ್ಳುತ್ತಾರೆ? ಮಗನಿಗೆ ಮೊದಲು ಈ ಪ್ರಶ್ನೆ ಕೇಳಿ. “ಮರಿ ನಾವೇ ಕೊಡುತ್ತೇವೆ, ಬೆಳೆದ ಮೇಲೆ ನಾವೇ ಕೊಳ್ಳುತ್ತೇವೆ” ಅನ್ನುವವರು ಬಂದರೆ ಎಮು ಹಕ್ಕಿಯ ಕಥೆ ನೆನಪಿಸಿ. ಇಂಥದೇ ಮಾತು ನಂಬಿ ಆ ಹಕ್ಕಿ ಸಾಕಿ, ಕೊಳ್ಳುವವರು ಬಾರದೆ ಕೈ ಸುಟ್ಟುಕೊಂಡವರು ನಮ್ಮ ಓದುಗರಲ್ಲೇ ಇದ್ದಾರೆ.

ಈ ಲೆಕ್ಕದಿಂದಲೇ ಶೆಡ್ಡಿನ ಅಳತೆ ಸಿಗುತ್ತದೆ. ತಾಯಿ ಮೊಲಕ್ಕೆ 3 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗೂಡು. ಗಂಡಿಗೆ 2 ಅಡಿಗೆ 2 ಅಡಿ. ಬೆಳೆಯುವ ಮರಿಗಳಿಗೆ ತಾಯಿಯಷ್ಟೇ ದೊಡ್ಡ ಗೂಡು, ಒಂದರಲ್ಲಿ ಏಳು ಮರಿ, ಅಂಥವು ಆರು. ಗೂಡಿನ ಅಗಲ 2 ಅಡಿ ದಾಟಬಾರದು. ದಾಟಿದರೆ ಮೂಲೆಗೆ ಸೇರಿದ ಮೊಲ ಕೈಗೆ ಸಿಗುವುದಿಲ್ಲ. ಒಂದು ಸಾಲಿನಲ್ಲಿ ಏಳು ತಾಯಂದಿರು, ಇನ್ನೊಂದರಲ್ಲಿ ಮರಿಗಳು ಮತ್ತು ಗಂಡು. ಉದ್ದದ ಸಾಲು 24 ಅಡಿ ಆಗುತ್ತದೆ. ನಡುವೆ ಓಡಾಡಲು 4 ಅಡಿ, ಗೂಡಿನ ಹಿಂದೆ ಎರಡೂ ಕಡೆ 2 ಅಡಿ, ತುದಿಗಳಲ್ಲಿ 3 ಅಡಿ ಬಿಡಿ. ಒಟ್ಟು 30 ಅಡಿ ಉದ್ದ, 12 ಅಡಿ ಅಗಲ. ಮಗ ಹೇಳಿದ್ದರಲ್ಲಿ ಅರ್ಧವೂ ಬೇಡ. ಜಾಗ ಉಳಿಯಿತೆಂದು ಗೂಡಿನ ಮೇಲೆ ಗೂಡು ಪೇರಿಸಬೇಡಿ. ಮೇಲಿನದರ ಮೂತ್ರ ಕೆಳಗಿನದರ ತಲೆ ಮೇಲೆ ಬೀಳುತ್ತದೆ.

ತಗಡಿನ ವಿಷಯ ಬರೆಯುವಾಗ ನನಗೆ ಈಗಲೂ ಸಂಕಟ. ಮೊಲ ಬೆವರುವುದಿಲ್ಲ. ಮೈಯ ಬಿಸಿ ಹೋಗಬೇಕಾದದ್ದು ಹೆಚ್ಚಾಗಿ ಆ ಉದ್ದ ಕಿವಿಯಿಂದ, ಉಸಿರಿನಿಂದ. 15ರಿಂದ 25 ಡಿಗ್ರಿ ಅದಕ್ಕೆ ಹಿತ. 30 ದಾಟಿ ಕೆಲವು ದಿನ ಹಾಗೇ ನಿಂತರೆ ಗಂಡಿನ ಬೀಜ ಕೆಡುತ್ತದೆ, ಸರಿಹೋಗಲು ಒಂದೆರಡು ತಿಂಗಳು ಬೇಕು. ಹೆಣ್ಣು ಗಬ್ಬ ಕಟ್ಟಲಿಲ್ಲ ಎಂದು ನಾವು ಹೆಣ್ಣನ್ನು ಬೈಯುತ್ತಾ ಇರುತ್ತೇವೆ. ನಮ್ಮ ಮನೆಯಲ್ಲಿ ನಾನು ಕಟ್ಟಿಸಿದ ಮೊದಲ ಶೆಡ್ಡಿಗೆ ತಗಡೇ ಹಾಕಿಸಿದ್ದೆ, ಅದೂ ಕೈಗೆ ಎಟುಕುವಷ್ಟು ತಗ್ಗಿಗೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ನಾಲ್ಕು ಗಬ್ಬದ ಮೊಲ ಕಾಲು ಚಾಚಿ ಮಲಗಿದ್ದವು. ಏಳಲಿಲ್ಲ. ಆಮೇಲೆ ತಗಡಿನ ಮೇಲೆ ಅಡಿಕೆ ಸೋಗೆ ಹೊದಿಸಿದೆ. ಮೊದಲೇ ಹೊದಿಸಬಹುದಿತ್ತು.

ನೀವು ಮಂಗಳೂರು ಹೆಂಚು ಹಾಕಿ. ಹಳೆ ಮನೆ ಬಿಚ್ಚುವ ಕಡೆ ವಿಚಾರಿಸಿದರೆ ಹಳೆ ಹೆಂಚೇ ಸಿಕ್ಕೀತು. ಸೂರು ತಗ್ಗಿನ ಕಡೆಯೂ 8 ಅಡಿ ಎತ್ತರ ಇರಲಿ, ಗೂಡುಗಳಿಂದ ಆಚೆ 3 ಅಡಿ ಚಾಚಿರಲಿ. ಶೆಡ್ಡಿನ ಉದ್ದ ಪೂರ್ವ ಪಶ್ಚಿಮಕ್ಕೆ ಬರಲಿ. ಆಗ ಬಿಸಿಲು ಉದ್ದದ ಬದಿಯಿಂದ ಒಳಗೆ ನುಗ್ಗುವುದಿಲ್ಲ. ನಿಮ್ಮಲ್ಲಿ ಇನ್ನೊಂದು ಅನುಕೂಲವೂ ಇದೆ. ಜಡಿಮಳೆಯ ಇರಚಲು ಬರುವುದು ಪಶ್ಚಿಮ, ನೈಋತ್ಯದಿಂದ. ಆ ಕಡೆ ಬರುವುದು 12 ಅಡಿ ಅಗಲದ ಬದಿಯ ಗೋಡೆ. ಅದೊಂದನ್ನು ಮೇಲಿನವರೆಗೂ ಮುಚ್ಚಿಬಿಡಿ. ಉಳಿದ ಮೂರು ಕಡೆ 3 ಅಡಿ ಗೋಡೆ, ಅದರ ಮೇಲೆ ಅರ್ಧ ಇಂಚಿನ ಜಾಲರಿ. ದೊಡ್ಡ ಕಣ್ಣಿನ ಜಾಲರಿ ನಾಯಿ, ಬೆಕ್ಕನ್ನು ತಡೆಯುತ್ತದೆ, ಹಾವನ್ನಲ್ಲ. ಮಳೆಗಾಲಕ್ಕೆ ದಕ್ಷಿಣದ ಬದಿಗೆ ಟಾರ್ಪಾಲ್ ಇಳಿಬಿಡಿ, ಆದರೆ ಮೇಲೆ ಒಂದು ಅಡಿ ಗಾಳಿಗೆ ಬಿಡಿ.

ಗಾಳಿ ಗಾಳಿ ಅಂತ ಯಾಕೆ ಇಷ್ಟು ಹೇಳುತ್ತೇನೆಂದರೆ, ಮೊಲದ ಮೂತ್ರ ಬಲು ಘಾಟು. ಆ ಅಮೋನಿಯಾ ಮೂಗು ಕೆಡಿಸುತ್ತದೆ. ಆಮೇಲೆ ಸೀನು, ಮೂಗು ಸೋರುವುದು, ಮುಂಗಾಲಿನಲ್ಲಿ ಮೂಗು ಒರೆಸಿಕೊಂಡು ಅಲ್ಲಿನ ರೋಮವೆಲ್ಲ ಅಂಟಂಟು. ಒಂದಕ್ಕೆ ಬಂದರೆ ಸಾಲಿಗೇ ಹರಡುತ್ತದೆ. ಬೆಳಿಗ್ಗೆ ಶೆಡ್ಡಿಗೆ ಹೋದಾಗ ಗೂಡಿನ ಮಟ್ಟಕ್ಕೆ ಬಗ್ಗಿ ಉಸಿರೆಳೆದು ನೋಡಿ. ನಿಮ್ಮ ಕಣ್ಣು ಉರಿದರೆ ಮೊಲದ ಪಾಡು ಹೇಳಬೇಕಿಲ್ಲ. ಗೂಡಿನ ಕೆಳಗಿನ ನೆಲಕ್ಕೆ ಇಳಿಜಾರಾಗಿ ಸಿಮೆಂಟ್ ಹಾಕಿಸಿ, ಹಿಂಬದಿಯಲ್ಲಿ ಚರಂಡಿ ಮಾಡಿ, ಕೊನೆಗೊಂದು ಡ್ರಮ್ ಇಡಿ. ಆ ನೀರನ್ನು ತೆಳು ಮಾಡಿ ಅಡಿಕೆ ಬುಡಕ್ಕೆ ಹಾಕಬಹುದು. ಹಿಕ್ಕೆಯಂತೂ ಒಳ್ಳೇ ಗೊಬ್ಬರ. ಮಾಂಸಕ್ಕೆ ಗಿರಾಕಿ ಬರದ ತಿಂಗಳಲ್ಲೂ ತೋಟಕ್ಕೆ ಇಷ್ಟಾದರೂ ಸಿಗುತ್ತದೆ.

ಗೂಡು ನೆಲದಿಂದ ಎರಡೂವರೆ ಅಡಿ ಮೇಲಿರಲಿ. ತಳದ ಜಾಲರಿಯ ಕಣ್ಣು ಅರ್ಧ ಇಂಚು ಅಗಲ, ಒಂದು ಇಂಚು ಉದ್ದ. ಅದಕ್ಕಿಂತ ದೊಡ್ಡದಾದರೆ ಮರಿಯ ಕಾಲು ಸಿಕ್ಕಿಕೊಳ್ಳುತ್ತದೆ, ಚಿಕ್ಕದಾದರೆ ಹಿಕ್ಕೆ ಕೆಳಗೆ ಬೀಳುವುದಿಲ್ಲ. ತಾಯಿ ಗೂಡಿನ ಪಕ್ಕದ ಜಾಲರಿಗೂ ಕೆಳಗಿನ ನಾಲ್ಕು ಇಂಚು ಇದೇ ಸಣ್ಣ ಕಣ್ಣಿರಲಿ. ಇಲ್ಲವಾದರೆ ಮರಿ ಅಲ್ಲಿಂದ ಜಾರುತ್ತದೆ. ಒಳಗೊಂದು ಮರದ ಹಲಗೆ ಹಾಕಿ. ಇಡೀ ದಿನ ತಂತಿ ಮೇಲೆ ಕೂತರೆ ಹಿಂಗಾಲು ಹುಣ್ಣಾಗುತ್ತದೆ. ಗೂಡಿನ ಕಾಲುಗಳಿಗೆ ಗ್ರೀಸ್ ಬಳಿಯಿರಿ. ಹುಟ್ಟಿದ ಮರಿಗೆ ರೋಮವೂ ಇಲ್ಲ, ಕಣ್ಣೂ ತೆರೆದಿರುವುದಿಲ್ಲ. ಒಂದು ರಾತ್ರಿ ಕಟ್ಟಿರುವೆ ಹತ್ತಿದರೆ ಬೆಳಿಗ್ಗೆ ಒಂದೂ ಉಳಿಯುವುದಿಲ್ಲ.

ಭಾವ ಹೇಳಿದ ಕೊಟ್ಟಿಗೆ ನನಗೂ ಬೇಕು, ಆದರೆ ಬೇರೆ ಕೆಲಸಕ್ಕೆ. ಮಲೆನಾಡಿನ ಹಳೆ ಕೊಟ್ಟಿಗೆ ಅಂದರೆ ಸೂರು ತಗ್ಗು, ಒಳಗೆ ಕತ್ತಲು, ಗೋಡೆಯಲ್ಲಿ ತೇವ. ಹಸು ತಡೆದುಕೊಂಡೀತು, ಮೊಲ ತಡೆಯದು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊಲಕ್ಕೆ ಹುಲ್ಲು ಎಲ್ಲಿಂದ ಕೊಡುತ್ತೀರಿ? ತೋಟದ ತುಂಬ ಹುಲ್ಲಿರುತ್ತದೆ, ಎಲ್ಲವೂ ನೆಂದದ್ದು. ನೆಂದ ಹುಲ್ಲು ತಿಂದರೆ ಹೊಟ್ಟೆ ಉಬ್ಬರ, ಭೇದಿ. ಕೊಯ್ದು ತಂದು ಅರ್ಧ ದಿನ ಹರಡಿ ಬಾಡಿಸಲು ಸೂರಿರುವ ಜಾಗ ಬೇಕೇ ಬೇಕು. ಅದು ನಿಮ್ಮ ಕೊಟ್ಟಿಗೆ. ಅದರ ಅಟ್ಟದಲ್ಲಿ ಬೇಸಿಗೆಯ ಒಣಹುಲ್ಲು ಇಡಿ. ಒಂದು ಮೂಲೆಯಲ್ಲಿ ಎರಡು ಗೂಡು ಇಡಿ, ಹೊಸದಾಗಿ ತಂದ ಮೊಲವನ್ನು ಎರಡು ವಾರ ಅಲ್ಲಿಟ್ಟು ನೋಡಿ ಆಮೇಲೆ ಸಾಲಿಗೆ ಸೇರಿಸಲು. ಕೊಟ್ಟಿಗೆ ಇಲ್ಲದೆ ಶೆಡ್ ಒಂದೇ ಕಟ್ಟಿದವರು ಜುಲೈನಲ್ಲಿ ಪೇಟೆಯಿಂದ ಆಹಾರ ತಂದು ತಂದು ಸುಸ್ತಾಗಿದ್ದನ್ನು ನೋಡಿದ್ದೇನೆ.

ತಳಿ ಯಾವುದು ಎಂದು ಮಗ ಕೇಳುತ್ತಾನೆ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ ಎರಡೂ ಮಾಂಸಕ್ಕೆ ಒಳ್ಳೆಯವು. ಕೊಡೈಕನಾಲ್ ಹತ್ತಿರದ ಮನ್ನವನೂರಿನಲ್ಲಿ ಕೇಂದ್ರ ಸರ್ಕಾರದ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ ಇದೆ. ಮೊಲದ ಕೆಲಸ ಅಲ್ಲಿ ಬಹಳ ವರ್ಷದಿಂದ ನಡೆದಿದೆ. ಒಮ್ಮೆ ಹೋಗಿ ನೋಡಿ ಬರಲಿ. ತರುವುದಾದರೆ ಡಿಸೆಂಬರ್ ಚಳಿಯಲ್ಲಿ, ರಾತ್ರಿ ಪ್ರಯಾಣದಲ್ಲಿ ತರಲಿ. ರೋಗ ರುಜಿನಕ್ಕೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರವೇ ಇದೆ. ತಂದ ಮೊಲದ ರಸೀದಿ ಜೋಪಾನ. ನಾವು ಎರಡಕ್ಕೂ ಮೊಲ ಎಂದೇ ಅಂದರೂ ಕಾಡುಮೊಲ ಬೇರೆ ಜಾತಿ, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಅದಕ್ಕಿದೆ. ಹಿಡಿದು ಸಾಕುವುದೂ ಅಪರಾಧ. ಅರಣ್ಯದವರು ಬಂದು ಕೇಳಿದರೆ ತೋರಿಸಲು ಕಾಗದ ಇರಲಿ.

ಹಲಸಿನ ಮರದ ಮಾತು ಉಳಿಯಿತು. 30 ಅಡಿಯ ಶೆಡ್ಡಿಗೆ ಅದು ಅಡ್ಡ ಬರುವ ಹಾಗೆ ಕಾಣುವುದಿಲ್ಲ. ಮರ ಪಶ್ಚಿಮಕ್ಕೆ ಉಳಿಯುವಂತೆ ಪಾಯ ಗುರುತು ಮಾಡಿದರೆ ಏಪ್ರಿಲ್‌ನ ಮೂರು ಗಂಟೆ ಬಿಸಿಲಿಗೆ ಅದರ ನೆರಳು ಹೆಂಚಿನ ಮೇಲೆ ಬೀಳುತ್ತದೆ. ಆದರೆ ನೆರಳಷ್ಟೇ ಬೀಳಬೇಕು, ಹಣ್ಣಲ್ಲ. ಕೊಂಬೆಯ ತುದಿಯಿಂದ 10 ಅಡಿ ಆಚೆಗೇ ಗೂಟ ಹೊಡೆಯಲು ಮಗನಿಗೆ ಹೇಳಿ.